ಏಳು ದಿನದ ಮುನ್ನೋಟ: ಮಳೆಯ ಚಿತ್ರ ಬಿಟ್ಟು ಗಾಳಿ ಹಿಡಿದ ಮೇಲೆ

ಘಟ್ಟದ ಮೇಲೆ ಗುಡುಗಿದ್ದು ಕೆಳಗಿಳಿಯುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳುವುದು ಆಗದ ಮಾತು ಎನ್ನುತ್ತಿದ್ದವರೇ ಈ ಸಲ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿ "ಇವತ್ತು ಒಣಗಲು ಮೀನು ಹರವಬಹುದಾ" ಎಂದು ಕೇಳಿದರು. ಹಾಗಾಗಿ, ಮೀನು ಒಣಗಿಸುವವರಿಗೂ ಉಪ್ಪು ತೆಗೆಯುವವರಿಗೂ ವಾರದ ಮಳೆ ಮುನ್ನೋಟ ಹೇಗೆ ಹಾಕುತ್ತೇನೆ ಎಂದು ಬರೆಯುತ್ತಿದ್ದೇನೆ. ಉತ್ತರ ಕನ್ನಡ ಕರಾವಳಿಯ ಗಂಗಾವಳಿ ಅಳಿವೆಯಿಂದ ಶರಾವತಿ ಅಳಿವೆಯವರೆಗಿನ ಪಟ್ಟಿಗೆ, ಮಾರ್ಚ್ ಮೊದಲಿನಿಂದ ಮೇ ಎರಡನೇ ವಾರದವರೆಗೆ ಮಾತ್ರ ಈ ಲೆಕ್ಕ. ಮುಂಗಾರಿಗೆ ಇದನ್ನು ಹಚ್ಚಬೇಡಿ, ಕೆಡುತ್ತೀರಿ.

ಮೊದಲ ಎರಡು ಹಂಗಾಮು ಹೋದದ್ದು ಆಪ್‌ನ ಮಳೆ ಚಿತ್ರ ನಂಬಿ. ಆಪ್‌ಗೆ ಸಿಗುವ ಅಮೆರಿಕದ ಜಿಎಫ್ಎಸ್ ಹವಾಮಾನ ಮಾದರಿಯ ಒಂದು ಚೌಕ ಹೆಚ್ಚುಕಡಿಮೆ 25 ಕಿ.ಮೀ. ನಮ್ಮಲ್ಲಿ ಅಷ್ಟರೊಳಗೆ ಸಮುದ್ರ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಘಟ್ಟದ ಬುಡ ಎಲ್ಲ ಮುಗಿಯುತ್ತದೆ. ದೇವಿಮನೆ ಘಾಟಿಯ ಮಳೆಯನ್ನು ಅದು ಕುಮಟಾ ಪೇಟೆಗೆ ಹಂಚಿಬಿಡುತ್ತದೆ. ಯುರೋಪಿನ ಮಾದರಿ 9 ಕಿ.ಮೀ.ಯದ್ದು, ಸ್ವಲ್ಪ ವಾಸಿ. ಆದರೂ ಏಪ್ರಿಲ್‌ನ ಗುಡುಗು ಮಳೆಯ ಜಾಗ ಅದಕ್ಕೂ ಸಿಗುವುದಿಲ್ಲ. ಎರಡನ್ನೂ ಕೂಡಿಸಿ ಸರಾಸರಿ ತೆಗೆದೆ. ಸಿಕ್ಕಿದ್ದು ಪ್ರತಿದಿನ ಎರಡು ಮಿ.ಮೀ. ಮಳೆ, ಬಿದ್ದದ್ದು ಸೊನ್ನೆ.

ಉಪಗ್ರಹ ಚಿತ್ರವೂ ಮೋಸವೇ. ಸಿರ್ಸಿ, ಯಲ್ಲಾಪುರದ ಮೇಲೆ ಎದ್ದ ಮೋಡದ ನೆತ್ತಿ ಚಪ್ಪಟೆಯಾಗಿ ಹರಡಿ ಇನ್ಸಾಟ್ ಚಿತ್ರದಲ್ಲಿ ಗೋಕರ್ಣದವರೆಗೆ ಬೆಳ್ಳಗೆ ಕಾಣುತ್ತದೆ. ಕೆಳಗೆ ಹನಿ ಇರುವುದಿಲ್ಲ. ಗೋವಾದ ರಾಡಾರ್ ಜೊತೆಗಿಟ್ಟು ನೋಡಬೇಕು. ಅದರ ಕಿರಣ ನಮ್ಮಲ್ಲಿಗೆ ಬರುವಷ್ಟರಲ್ಲಿ ನೆಲದಿಂದ ಎರಡು ಕಿ.ಮೀ. ಮೇಲೆ ಹೋಗಿರುತ್ತದೆ, ಜಿಟಿಜಿಟಿ ಹನಿ ಅದಕ್ಕೆ ಕಾಣದು.

ಸಲಕರಣೆಗೆ ಸುರಿದದ್ದು ಎಂಟು ಸಾವಿರದ ಹತ್ತಿರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೆ. ಉಷ್ಣತೆ, ತೇವಾಂಶ ಅಳೆಯುವ ಡಿಎಚ್‌ಟಿ22 ಸೆನ್ಸರ್ ನಮ್ಮ ಉಪ್ಪುಗಾಳಿಗೆ ಎರಡು ತಿಂಗಳು ಬಾಳಲಿಲ್ಲ: ತೇವಾಂಶ 99.9ಕ್ಕೆ ಹತ್ತಿ ಕೂತಿತು, ಕಾಲುಗಳು ಹಸಿರುಗಟ್ಟಿದವು. ಈಗಿರುವುದು ಜಾಲರಿ ಟೋಪಿಯ ಎಸ್‌ಎಚ್‌ಟಿ31. ಬೆಸುಗೆಯ ಮೇಲೆಲ್ಲ ಉಗುರು ಬಣ್ಣ ಬಳಿದಿದ್ದೇನೆ. ಸೆನ್ಸರ್‌ನ ಕಣ್ಣಿಗೆ ಮಾತ್ರ ತಾಗಬಾರದು. ಹೆಂಚಿನ ಸೂರಿನಡಿ ತೂಗುಹಾಕಿದ್ದು ಇನ್ನೊಂದು ತಪ್ಪು, ಮಧ್ಯಾಹ್ನ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಬಿಳಿ ಪ್ಲಾಸ್ಟಿಕ್ ಬಸಿಗಳನ್ನು ಬೋರಲು ಪೇರಿಸಿ, ನಡುವೆ ಬೆರಳಗಲ ಸಂದು ಬಿಟ್ಟು, ಅಂಗಳದಲ್ಲಿ ನಾಲ್ಕಡಿ ಎತ್ತರಕ್ಕೆ ನಿಲ್ಲಿಸಿದ ಮೇಲೆ ಸರಿಹೋಯಿತು. ಬಟ್ಟಲು ತಿರುಗುವ ಗಾಳಿಮಾಪಕದ ಬೇರಿಂಗ್ ಒಂದೇ ಮಳೆಗಾಲಕ್ಕೆ ಹಿಡಿಯಿತು. ಈಗ ಅಡಿಕೆ ದಬ್ಬೆಯ ತುದಿಯಲ್ಲಿ ಕೆಂಪು ಬಟ್ಟೆ ಚೂರು. ದಿಕ್ಕು ಗೊತ್ತಾದರೆ ಸಾಕು.

ವಾಯುಭಾರದಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದೆ. ನಮ್ಮ ಅಕ್ಷಾಂಶದಲ್ಲಿ ಏನೂ ಆಗದ ದಿನವೂ ಬೆಳಿಗ್ಗೆ ಹತ್ತಕ್ಕೆ ಏರಿದ್ದು ಸಂಜೆ ನಾಲ್ಕಕ್ಕೆ ಮೂರು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಅದನ್ನು ನೋಡಿ ಎಷ್ಟು ಸಲ ತಾಡಪತ್ರಿ ಎಳೆಸಿದೆನೋ. ಇವತ್ತಿನ ಹತ್ತು ಗಂಟೆಯನ್ನು ನಿನ್ನೆಯ ಹತ್ತು ಗಂಟೆಯ ಜೊತೆ ಮಾತ್ರ ತೂಗಬೇಕು.

ಕೊನೆಗೆ ಹಿಡಿಸಿದ್ದು ಇಷ್ಟು. ಮಾದರಿಯಲ್ಲಿ ಮಳೆಯ ಪದರ ತೆರೆಯುವುದೇ ಇಲ್ಲ. 700 ಹೆಕ್ಟೊಪಾಸ್ಕಲ್, ಅಂದರೆ ಸುಮಾರು 3 ಕಿ.ಮೀ. ಮೇಲಿನ ಗಾಳಿ ತೆರೆಯುತ್ತೇನೆ. ಅಲ್ಲಿ ಪಡುಗಾಳಿ (ಪಶ್ಚಿಮದಿಂದ ಬೀಸುವುದು) ಇದ್ದರೆ ಸಿರ್ಸಿಯ ಗುಡುಗು ಹುಬ್ಬಳ್ಳಿ ಕಡೆ ಹೋಯಿತು. ಮೂಡಗಾಳಿ (ಪೂರ್ವದಿಂದ ಬೀಸುವುದು) ಗಂಟೆಗೆ 20 ಕಿ.ಮೀ. ದಾಟಿದರೆ, ಮೂರೂವರೆಗೆ ಎದ್ದ ಮೋಡ ಆರರಿಂದ ಎಂಟರೊಳಗೆ ನಮ್ಮ ತಲೆ ಮೇಲೆ. ಎರಡನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ. ಮುಂಜಾನೆ ಆರಕ್ಕೆ ಎರಡು ದಿನ ಸಾಲಾಗಿ 24 ಡಿಗ್ರಿ ದಾಟಿ, ಮೇಲೆ ಮೂಡಗಾಳಿಯೂ ಇದ್ದರೆ ಮುಚ್ಚಬೇಕಾದ ದಿನ. 20ರ ಕೆಳಗಿದ್ದರೆ ಘಟ್ಟ ಎಷ್ಟೇ ಗುಡುಗಲಿ, ನಿದ್ದೆ ಮಾಡಿ. ಮೂರನೆಯದು ಕಡಲಗಾಳಿ ತಿರುಗುವ ಹೊತ್ತಿಗೆ ಸಂಬಂಧಿಸಿದ್ದು. ಸಾಧಾರಣ ದಿನ ಕೆಂಪು ಬಟ್ಟೆ ಹನ್ನೊಂದರ ಸುಮಾರಿಗೆ ತಿರುಗುತ್ತದೆ. ಮಧ್ಯಾಹ್ನ ಒಂದಾದರೂ ತಿರುಗದಿದ್ದರೆ ಉಷ್ಣತೆ 36-37ಕ್ಕೆ ಹೋಗುತ್ತದೆ, ಮೀನು ಒಂದೇ ದಿನಕ್ಕೆ ಗರಿಗರಿ. ಆ ಹೊತ್ತಿನಿಂದ ಮರುದಿನದ ಮಳೆ ಹೇಗೆ ತೆಗೆಯುತ್ತೇನೆ ಎಂಬುದು ಇಲ್ಲಿ ಬೇಡ. ಅದು ಸಿಕ್ಕಿದ್ದು ನಾಲ್ಕು ವರ್ಷದ ನೋಟುಪುಸ್ತಕದಿಂದ.

ಈಗ ದುಡ್ಡು. ಮಾರ್ಚಿನಲ್ಲಿ ದಿನಾ "ಮಳೆ ಇಲ್ಲ" ಎನ್ನುತ್ತಾ ಕೂತರೂ ನೂರಕ್ಕೆ ತೊಂಬತ್ತೈದು ಸರಿ ಬರುತ್ತದೆ, ಅದರಲ್ಲಿ ಬುದ್ಧಿವಂತಿಕೆ ಏನಿಲ್ಲ. ಮುಚ್ಚಿದ ದಿನ, ಮುಚ್ಚದೆ ತೊಯ್ದ ದಿನ ಇವೆರಡನ್ನೇ ಎಣಿಸಿ. ಒಣಮೀನಿನ ಒಂದು ಮಧ್ಯಮ ಕಳಕ್ಕೆ (ಒಣಗಿಸುವ ಅಂಗಳಕ್ಕೆ) ಸುಮ್ಮನೆ ಮುಚ್ಚಿದರೆ ಮೂವರ ಕೂಲಿ, ತಾಡಪತ್ರಿಯಡಿ ಬೆವರಿದ ಮೀನಿಗೆ ಮರುದಿನ ಅರ್ಧ ದಿನದ ಬಿಸಿಲು ಖೋತಾ, ಒಟ್ಟು 1,500 ರೂಪಾಯಿ. ಅರೆ ಒಣಗಿದ ತಾರ್ಲೆ ಮೀನು ತೊಯ್ದು ಗೊಬ್ಬರದ ದರಕ್ಕೆ ಹೋದರೆ 15,000. ಅಂದರೆ ಹತ್ತರಲ್ಲಿ ಒಂದು ಪಾಲು ಅನುಮಾನ ಬಂದರೂ ಮುಚ್ಚುವುದೇ ಲಾಭ. ಈ ಹಂಗಾಮಿನಲ್ಲಿ ಹದಿನಾಲ್ಕು ಸಲ ಮುಚ್ಚಿಸಿದೆ, ಐದು ಸಲ ಮಳೆ ಬಂತು, ಮುಚ್ಚದೆ ತೊಯ್ದದ್ದು ಒಂದೂ ಇಲ್ಲ. ಒಂಬತ್ತು ಸಲ ಬೈಸಿಕೊಂಡೆ, ಇರಲಿ.

ಮುಚ್ಚುವಾಗ ಮೂಡು ಅಂಚಿಗೆ ಮೊದಲು ಮರಳು ಚೀಲ ಹೇರಿ. ಘಟ್ಟದಿಂದ ಇಳಿದ ಮಳೆಗೆ ಮುಂಚೆ ಕಾಲು ಗಂಟೆ ತಣ್ಣನೆ ಬಿರುಗಾಳಿ ಅದೇ ದಿಕ್ಕಿನಿಂದ ನುಗ್ಗುತ್ತದೆ. ಪಡು ಅಂಚು ಕಟ್ಟಿ ಮೂಡು ಬಿಟ್ಟವರ ತಾಡಪತ್ರಿ ಗಾಳಿಪಟ. ಒಂದಕ್ಕೆ ಎರಡೂವರೆ ಸಾವಿರ.

ಉಪ್ಪಿನ ಆಗರದ ಲೆಕ್ಕ ಬೇರೆ, ಅಲ್ಲಿ ಮುಚ್ಚುವಂತಿಲ್ಲ. ಉಪ್ಪುನೀರಿನ ಗಟ್ಟಿತನ ಅಳೆಯುವ ಬೋಮೆ ಮಾಪಕ 25 ತೋರಿಸುವ ಮಡಿಯಲ್ಲಿ ಹರಳು ಕೂತಿದ್ದರೆ, ಪದರ ತೆಳುವಿದ್ದರೂ ಅನುಮಾನದ ದಿನಕ್ಕೆ ಮುಂಚೆಯೇ ಎಳೆದುಬಿಡಿ. ಎರಡು ಅಂಗುಲ ನೀರಿನ ಮಡಿಗೆ 5 ಮಿ.ಮೀ. ಬಿದ್ದು ಕಲೆತರೆ 25 ಇದ್ದದ್ದು 23ರ ಹತ್ತಿರ, 20 ಮಿ.ಮೀ. ಬಿದ್ದರೆ 19ರ ಹತ್ತಿರ. ಕಲೆಯದಿದ್ದರೆ ಬಚಾವು: ಸಿಹಿನೀರು ಮೇಲೆಯೇ ತೇಲುತ್ತದೆ, ಅಂಚು ಕಡಿದು ಮೇಲಿನದ್ದನ್ನಷ್ಟೇ ಮೆಲ್ಲಗೆ ಹೊರಬಿಡಬಹುದು. ಮಳೆ ಹಿಂದೆಯೇ ಗಾಳಿ ಎದ್ದರೆ ಆ ಆಸೆ ಬಿಡಿ.

ವಾರದ ಚೀಟಿ ಭಾನುವಾರ ಸಂಜೆ ಬರೆಯುತ್ತೇನೆ, ಬುಧವಾರ ತಿದ್ದುತ್ತೇನೆ. ಏಪ್ರಿಲ್ ನಡುವಿನದೊಂದು ಹೀಗಿತ್ತು: "ಸೋಮ, ಮಂಗಳ: ಒಣ ಹವೆ, ಬೆಳಿಗ್ಗೆ ಇಬ್ಬನಿ, ಎಂಟೂವರೆ ಮೇಲೆ ಹರವಿ. ಬುಧ: ಸೆಕೆ, ಕಡಲಗಾಳಿ ತಡ. ಗುರು, ಶುಕ್ರ: ಐದರೊಳಗೆ ಮುಚ್ಚಿ, ಈರುಳ್ಳಿ ಕೀಳುವವರು ಬುಧವಾರವೇ ಕಿತ್ತು ಗೊಂಚಲು ಒಳಗೆ ತೂಗಿ. ಶನಿ, ಭಾನು: ಮೂಡಗಾಳಿ ಸಡಿಲ, ಬುಧವಾರ ತಿಳಿಸುವೆ." ಆರು-ಏಳನೇ ದಿನಕ್ಕೆ ಇದಕ್ಕಿಂತ ಹೆಚ್ಚು ಹೇಳುವವರು ಬುರುಡೆ ಬಿಡುತ್ತಾರೆ. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟರೆ ನನ್ನ ಚೀಟಿ ಹರಿದು ಹಾಕಿ, ಅವರದ್ದನ್ನೇ ಪಾಲಿಸಿ.

ಕಡಲಿಗೆ ಇನ್‌ಕಾಯಿಸ್ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಮುನ್ಸೂಚನೆ ಸಾಕು, ಆದರೆ ಅಲೆಯ ಎತ್ತರ ಮಾತ್ರ ನೋಡಬೇಡಿ. ಎರಡು ಅಲೆಗಳ ನಡುವಿನ ಹೊತ್ತು 15 ಸೆಕೆಂಡು ದಾಟಿದರೆ ಅದು ದಕ್ಷಿಣ ಮಹಾಸಾಗರದಿಂದ ಬಂದ ಉಬ್ಬಲೆ. ಇಲ್ಲಿ ಗಾಳಿ ಇಲ್ಲದಿದ್ದರೂ ಅಮಾವಾಸ್ಯೆ, ಹುಣ್ಣಿಮೆಯ ಭರತಕ್ಕೆ ಕೂಡಿಕೊಂಡರೆ ದಂಡೆಯ ಮೇಲೆ ಹರವಿದ್ದನ್ನು ಹೊತ್ತೊಯ್ಯುತ್ತದೆ.

ಹಳೇ ಮೀಡಿಯಂ ವೇವ್ ರೇಡಿಯೋವನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿಟ್ಟು ಚಟಪಟ ಎಣಿಸಿದ್ದೂ ಉಂಟು. ನಿಮಿಷಕ್ಕೆ ಇಪ್ಪತ್ತು ದಾಟಿದಾಗ ಮಿಂಚು ಘಟ್ಟದ ಮೇಲೆ ಇದ್ದೇ ಇತ್ತು. ಯಾವ ದಿಕ್ಕಿಗೆ ಹೊರಟಿದೆ ಎಂಬುದು ಮಾತ್ರ ರೇಡಿಯೋಕ್ಕೆ ತಿಳಿಯದು. ಅದಕ್ಕೆ ಮಿಂಚು ಬಿದ್ದ ಜಾಗ ತೋರಿಸುವ ದಾಮಿನಿ ಆಪ್ ವಾಸಿ. ನಕ್ಷತ್ರದ ಲೆಕ್ಕವನ್ನೂ ಪುಸ್ತಕದಲ್ಲಿ ಪಕ್ಕಕ್ಕೆ ಬರೆದಿಟ್ಟಿದ್ದೇನೆ. ದಿನಕ್ಕೆ ತಾಳೆಯಾಗದು, ಆದರೆ ಏಪ್ರಿಲ್ ಕೊನೆಗೆ ಭರಣಿ ಹೊಕ್ಕ ಮೇಲೆ ಮುಚ್ಚುವ ದಿನಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆಯನ್ನು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಹೇಳಿ ನೋಡಿ, ಬೈಗುಳ ಸಿಗುತ್ತದೆ.