ನೇಟಿವಿಟಿ ನಾಟಕದ ಟಿಕೆಟ್: ಇಂಗ್ಲೆಂಡಿನ ಶಾಲೆ ಏನನ್ನು ಕೇಳಬಹುದು, ಏನನ್ನು ಕೇಳುವಂತಿಲ್ಲ

ನವೆಂಬರ್ ಅರ್ಧ ಕಳೆಯುತ್ತಿದ್ದಂತೆ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಿಂದ ಮನೆಗೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಯೇಸುವಿನ ಜನನದ ಕಥೆಯನ್ನು ಆಡುವ ನೇಟಿವಿಟಿ ನಾಟಕದಲ್ಲಿ ರಿಸೆಪ್ಷನ್ ಎಂಬ ಮೊದಲ ತರಗತಿಯ ನಿಮ್ಮ ಮಗಳು ಕುರಿಯಾಗಿದ್ದಾಳೆ, ಬಿಳಿಯ ಉಡುಪು ಬೇಕು. ಇಯರ್ 1ರಲ್ಲಿರುವ ಮಗ ಕುರುಬನಾಗಿದ್ದಾನೆ, ತಲೆಗೆ ಸುತ್ತಲು ಅಡುಗೆಮನೆಯ ಒಂದು ಟೀ ಟವೆಲ್ ಕಳುಹಿಸಿ. ಅದೇ ಪತ್ರದ ಕೊನೆಯಲ್ಲಿ, ನಾಟಕ ನೋಡಲು ಬರುವವರಿಗೆ ತಲಾ 3 ಪೌಂಡ್ ಟಿಕೆಟ್, ಕುಟುಂಬಕ್ಕೆ ಎರಡು ಮಾತ್ರ, ಆನ್‌ಲೈನ್‌ನಲ್ಲಿ ಪಾವತಿಸಿ ಎಂಬ ಸಾಲು ಇದ್ದರೆ, ಈ ದೇಶಕ್ಕೆ ಹೊಸದಾಗಿ ಬಂದ ತಂದೆತಾಯಿಯರಿಗೆ ಒಂದು ಸಹಜವಾದ ಅನುಮಾನ ಹುಟ್ಟುತ್ತದೆ. ಶಿಕ್ಷಣ ಉಚಿತವೆಂದು ಹೇಳಿ ಸೇರಿಸಿಕೊಂಡ ಶಾಲೆ ನಮ್ಮ ಮಗುವನ್ನು ನಾವೇ ನೋಡುವುದಕ್ಕೆ ಹಣ ಕೇಳಬಹುದೇ?

ಕೇಳಬಹುದು, ಆದರೆ ಯಾವುದಕ್ಕೆ ಕೇಳುತ್ತಿದೆ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಸ್ಟೇಟ್ ಸ್ಕೂಲ್‌ಗಳು ಯಾವುದಕ್ಕೆ ಶುಲ್ಕ ವಿಧಿಸಬಹುದು ಎಂಬುದನ್ನು 1996ರ ಎಜುಕೇಶನ್ ಕಾಯ್ದೆ ನಿರ್ಧರಿಸುತ್ತದೆ. ಶಾಲಾ ಅವಧಿಯಲ್ಲಿ ಮಕ್ಕಳಿಗೆ ನೀಡುವ ಶಿಕ್ಷಣಕ್ಕೆ, ಅದಕ್ಕೆ ಬೇಕಾದ ಪುಸ್ತಕ ಮತ್ತು ಸಲಕರಣೆಗಳಿಗೆ ಶುಲ್ಕ ಕೇಳುವುದನ್ನು ಆ ಕಾಯ್ದೆ ನಿಷೇಧಿಸುತ್ತದೆ. ಪಿಟೀಲು, ಗಿಟಾರುಗಳಂಥ ವಾದ್ಯಪಾಠದ ವಿಷಯದಲ್ಲಿ ಕೆಲವು ವಿನಾಯಿತಿಗಳಿವೆ. ಅಕಾಡೆಮಿ ಮತ್ತು ಫ್ರೀ ಸ್ಕೂಲ್ ಎಂಬ ಹೆಸರಿನ ಶಾಲೆಗಳು ಸರ್ಕಾರದೊಂದಿಗೆ ಮಾಡಿಕೊಂಡ ಅನುದಾನ ಒಪ್ಪಂದದ ಮೂಲಕ ಇದೇ ನಿಯಮಕ್ಕೆ ಒಳಪಡುತ್ತವೆ. ಶುಲ್ಕ ಪಡೆಯುವ ಖಾಸಗಿ ಶಾಲೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವುಗಳಲ್ಲಿ ಅತಿ ಹಳೆಯ, ಅತಿ ದುಬಾರಿಯಾದವನ್ನೇ ಇಲ್ಲಿನವರು ಪಬ್ಲಿಕ್ ಸ್ಕೂಲ್ ಎಂದು ಕರೆಯುವುದರಿಂದ, ಹೆಸರನ್ನು ನೋಡಿ ಸರ್ಕಾರಿ ಶಾಲೆ ಎಂದುಕೊಂಡು ಮೋಸಹೋದ ಕನ್ನಡಿಗರಲ್ಲಿ ನಾನೂ ಒಬ್ಬ.

ಹೀಗಾಗಿ, ಶಾಲೆಯ ಹೊತ್ತಿನಲ್ಲಿ ಅಭ್ಯಾಸ ನಡೆದು ಶಾಲೆಯ ಹೊತ್ತಿನಲ್ಲೇ ಆಡುವ ನಾಟಕದಲ್ಲಿ ಮಗು ಭಾಗವಹಿಸುವುದಕ್ಕೆ ಒಂದು ಪೆನ್ನಿಯನ್ನೂ ಕಡ್ಡಾಯವಾಗಿ ಕೇಳುವಂತಿಲ್ಲ. ನೀವು ಟಿಕೆಟ್ ಕೊಳ್ಳಲಿಲ್ಲ ಎಂಬ ಕಾರಣಕ್ಕೆ ಮಗುವಿನ ಪಾತ್ರವನ್ನು ಕಿತ್ತುಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ. ಆದರೆ ಆ ನಿಷೇಧವಿರುವುದು ಮಗುವಿನ ಶಿಕ್ಷಣದ ಸುತ್ತ. ಕುರ್ಚಿಯ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುವ ತಂದೆತಾಯಿಯರು ಅಲ್ಲಿ ಶಿಕ್ಷಣ ಪಡೆಯುತ್ತಿಲ್ಲವಾದ್ದರಿಂದ, ಅವರ ಟಿಕೆಟ್ಟನ್ನು ಅದು ಮುಟ್ಟುವುದಿಲ್ಲ. ಶಾಲೆಗೆ ಕಾನೂನಿನ ಭಾಷೆಯಲ್ಲಿ ಪತ್ರ ಬರೆಯುವ ಮೊದಲು ಇಷ್ಟನ್ನು ತಿಳಿದಿದ್ದರೆ ಮುಜುಗರ ತಪ್ಪುತ್ತದೆ.

ಟಿಕೆಟ್ಟಿನ ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಶಾಲೆಯಿಂದ ಶಾಲೆಗೆ ಬೇರೆ ಉತ್ತರವಿದೆ, ಆದರೆ ಬಹಳಷ್ಟು ಕಡೆ ಬರುವ ಒಂದು ಖರ್ಚು ಹೆಚ್ಚಿನ ಪೋಷಕರಿಗೆ ಗೊತ್ತಿರುವುದಿಲ್ಲ. ಹಾಡುಗಳಿರುವ ಮಕ್ಕಳ ನಾಟಕಗಳನ್ನು ಸಾಮಾನ್ಯವಾಗಿ ಪ್ರಕಾಶಕರಿಂದ ಕೊಳ್ಳುತ್ತಾರೆ, ಮತ್ತು ಅವನ್ನು ಪ್ರದರ್ಶಿಸಲು ಪ್ರತ್ಯೇಕವಾದ ಲೈಸೆನ್ಸ್ ಬೇಕು. 1988ರ ಕಾಪಿರೈಟ್ ಕಾಯ್ದೆಯ 34ನೆಯ ಸೆಕ್ಷನ್ ಪ್ರಕಾರ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ನಾಟಕವಾಡಿದರೆ ಅದು ಸಾರ್ವಜನಿಕ ಪ್ರದರ್ಶನವಾಗುವುದಿಲ್ಲ. ಶಾಲೆಯ ಚಟುವಟಿಕೆಗಳೊಂದಿಗೆ ನೇರ ಸಂಬಂಧವಿರುವವರಿಗೂ ಅಲ್ಲಿ ಕುಳಿತುಕೊಳ್ಳಲು ಅಡ್ಡಿಯಿಲ್ಲ. ಆದರೆ ಒಬ್ಬ ವಿದ್ಯಾರ್ಥಿಯ ತಂದೆ ಅಥವಾ ತಾಯಿ ಎಂಬ ಒಂದೇ ಕಾರಣಕ್ಕೆ ಯಾರಿಗೂ ಆ ನೇರ ಸಂಬಂಧ ಬರುವುದಿಲ್ಲ ಎಂದು ಅದೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ವೇದಿಕೆಯ ಮೇಲಿನ ಕುರಿ ನಿಮ್ಮದೇ ಆಗಿದ್ದರೂ ಕಾನೂನಿನ ಕಣ್ಣಿನಲ್ಲಿ ನೀವು ಹೊರಗಿನ ಪ್ರೇಕ್ಷಕರು! ಮಕ್ಕಳು ತಮ್ಮತಮ್ಮೊಳಗೆ ಆಡಿಕೊಂಡಿದ್ದರೆ ಬೇಕಿಲ್ಲದ ಲೈಸೆನ್ಸನ್ನು ನಿಮ್ಮನ್ನು ಕರೆದ ಕಾರಣಕ್ಕೆ ಶಾಲೆ ಕೊಳ್ಳಬೇಕಾಗುತ್ತದೆ. ಇದರ ಜೊತೆಗೆ ವೇದಿಕೆಯ ಬಾಡಿಗೆ, ದೀಪ, ಧ್ವನಿವರ್ಧಕಗಳೂ ಇರಬಹುದು. ಉಳಿದ ಹಣ ಪಿಟಿಎ ಎಂದು ಕರೆಯುವ ಪೋಷಕ–ಶಿಕ್ಷಕರ ಸಂಘದ ಮೂಲಕ ಆಟದ ಸಾಮಾನಿಗೋ ಗ್ರಂಥಾಲಯಕ್ಕೋ ಹೋಗುತ್ತದೆ.

ಟಿಕೆಟ್ಟಿಗೆ ಅಂಟಿಕೊಂಡ ಇನ್ನೊಂದು ಕಾನೂನನ್ನು, ನಾಟಕಕ್ಕಿಂತ ಹೆಚ್ಚಾಗಿ ನಮ್ಮ ಸಂಘಗಳಿಗೆ ಬೇಕಾದದ್ದು ಎಂಬ ಕಾರಣಕ್ಕೆ, ಇಲ್ಲಿಯೇ ಹೇಳಿಬಿಡುತ್ತೇನೆ. 1963ರ ಚಿಲ್ಡ್ರನ್ ಅಂಡ್ ಯಂಗ್ ಪರ್ಸನ್ಸ್ ಕಾಯ್ದೆಯ 37ನೆಯ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಹಣ ಪಡೆಯುವ ಪ್ರದರ್ಶನದಲ್ಲಿ ಮಕ್ಕಳು ಭಾಗವಹಿಸಬೇಕಾದರೆ ಸ್ಥಳೀಯ ಕೌನ್ಸಿಲ್‌ನಿಂದ ಲೈಸೆನ್ಸ್ ಬೇಕು. ಶಾಲೆಯೇ ಏರ್ಪಡಿಸಿದ, ಮಗುವಿಗೆ ಸಂಭಾವನೆಯಿಲ್ಲದ ಪ್ರದರ್ಶನಕ್ಕೆ ವಿನಾಯಿತಿ ಇರುವುದರಿಂದ ನೇಟಿವಿಟಿಯ ಮಟ್ಟಿಗೆ ನೀವು ಚಿಂತಿಸಬೇಕಾಗಿಲ್ಲ. ಆದರೆ ಕನ್ನಡ ಸಂಘವೊಂದು ಟಿಕೆಟ್ ಇಟ್ಟು ರಾಜ್ಯೋತ್ಸವ ಮಾಡಿ ಮಕ್ಕಳಿಂದ ಕೋಲಾಟ ಆಡಿಸಿದರೆ ಶಾಲೆಗಿರುವ ಆ ವಿನಾಯಿತಿ ಸಂಘಕ್ಕೆ ಸಿಗುವುದಿಲ್ಲ. ಹಿಂದಿನ ಆರು ತಿಂಗಳಲ್ಲಿ ಮೂರು ದಿನಗಳಿಗಿಂತ ಹೆಚ್ಚು ಪ್ರದರ್ಶನ ನೀಡದ ಮಗುವಿಗೆ, ಸಂಭಾವನೆಯೂ ಶಾಲೆಗೆ ಗೈರುಹಾಜರಿಯೂ ಇಲ್ಲದಿದ್ದರೆ, ಬೇರೊಂದು ವಿನಾಯಿತಿ ಇದೆ. ಆದರೂ ಸಂಘಟಕರು ಕೌನ್ಸಿಲ್ಲನ್ನು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಕಾನೂನು ಅಡ್ಡಬರುವುದಿಲ್ಲ ಎಂದಮೇಲೂ, ಟಿಕೆಟ್ ಇಡುವುದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ನಮ್ಮ ಕರಾವಳಿಯವರಿಗೆ ಇದು ಹೊಸ ಪ್ರಶ್ನೆಯಲ್ಲ. ಯಕ್ಷಗಾನದ ಹರಕೆಯ ಬಯಲಾಟದಲ್ಲಿ ಆಟ ಆಡಿಸುವವರು ಖರ್ಚನ್ನು ಹೊರುತ್ತಾರೆ, ಊರಿಗೆ ಊರೇ ಬಂದು ಕುಳಿತು ನೋಡುತ್ತದೆ. ಡೇರೆ ಮೇಳದ ಆಟದಲ್ಲಿ ಟಿಕೆಟ್ ಕೊಂಡವರಿಗೆ ಮಾತ್ರ ಒಳಗೆ ಜಾಗ. ಐದು ವರ್ಷದ ಮಕ್ಕಳ ನೇಟಿವಿಟಿಯನ್ನು ನಾನು ಹರಕೆಯಾಟದ ಸಾಲಿಗೇ ಸೇರಿಸುತ್ತೇನೆ. ಅದನ್ನು ಕಲಿಸಿದ ಶಿಕ್ಷಕರ ಸಂಬಳ, ಆಡಿದ ಸಭಾಂಗಣ, ಅಭ್ಯಾಸಕ್ಕೆ ಕಳೆದ ಎಷ್ಟೋ ಮಧ್ಯಾಹ್ನಗಳು, ಇವೆಲ್ಲಕ್ಕೂ ತೆರಿಗೆಯ ಹಣ ಈಗಾಗಲೇ ಸಂದಿದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಬಾಗಿಲಿನಲ್ಲಿ ಟಿಕೆಟ್ ಇಟ್ಟಾಗ ಒಳಗೆ ಬಾರದೆ ಉಳಿಯುವವರು ಯಾರೆಂಬುದನ್ನು ವೇದಿಕೆಯ ಮೇಲಿನ ಮಗು ತನ್ನ ಕಣ್ಣಿನಿಂದಲೇ ಹುಡುಕುತ್ತದೆ. ಇಬ್ಬರು ಮಕ್ಕಳು ಎರಡು ಬೇರೆ ನಾಟಕಗಳಲ್ಲಿದ್ದು, ತಂದೆತಾಯಿ ಇಬ್ಬರೂ ಎರಡಕ್ಕೂ ಬಂದರೆ ತಲಾ 3 ಪೌಂಡಿನಂತೆ 12 ಪೌಂಡ್ ಆಗುತ್ತದೆ. ಡಿಸೆಂಬರಿನಲ್ಲಿ ಮನೆಯ ಹೀಟಿಂಗ್‌ಗೆ ಲೆಕ್ಕ ಹಾಕುತ್ತಿರುವ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ.

ಆದ್ದರಿಂದ ಪ್ರವೇಶವನ್ನು ಮುಕ್ತವಾಗಿಟ್ಟು, ನಾಟಕ ಮುಗಿದ ಮೇಲೆ ಬಾಗಿಲಿನ ಬಳಿ ಒಂದು ಬಕೆಟ್ ಹಿಡಿದು ನಿಲ್ಲುವ ಶಾಲೆಗಳ ಪದ್ಧತಿಯೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಮಂಗಳಾರತಿ ತಟ್ಟೆಗೆ ಯಾರು ಎಷ್ಟು ಹಾಕಿದರು ಎಂದು ಯಾರೂ ಬಗ್ಗಿ ನೋಡುವುದಿಲ್ಲ, ಹಾಕದವರಿಗೂ ತೀರ್ಥ ತಪ್ಪುವುದಿಲ್ಲ. ಹೀಗೆ ಮಾಡಿದರೆ ಖರ್ಚಿನ ಹಣ ವಾಪಸು ಬರುವುದೇ ಇಲ್ಲ ಎನ್ನುವವರು ಇಲ್ಲಿನ ತೆರಿಗೆಯ ಒಂದು ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಟಿಕೆಟ್ಟಿನ ಬೆಲೆ ದೇಣಿಗೆಯಲ್ಲ; ಅದು ಕುರ್ಚಿಯ ಬೆಲೆ. ಆದರೆ ಏನನ್ನೂ ಪ್ರತಿಯಾಗಿ ಪಡೆಯದೆ ಸ್ವಂತ ಇಚ್ಛೆಯಿಂದ ಕೊಟ್ಟ ಹಣಕ್ಕೆ, ಸ್ವೀಕರಿಸುವ ಪಿಟಿಎ ತೆರಿಗೆ ಇಲಾಖೆ ಮಾನ್ಯ ಮಾಡಿದ ಚಾರಿಟಿಯಾಗಿದ್ದು, ಕೊಟ್ಟವರು ಇಲ್ಲಿ ಸಾಕಷ್ಟು ಆದಾಯ ತೆರಿಗೆ ಕಟ್ಟುತ್ತಿದ್ದು ಒಂದು ಘೋಷಣೆಗೆ ಸಹಿ ಹಾಕಿದರೆ, ಗಿಫ್ಟ್ ಏಡ್ ಎಂಬ ಯೋಜನೆಯಡಿ ಪ್ರತಿ 1 ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಹೆಚ್ಚುವರಿಯಾಗಿ ಬರುತ್ತದೆ. ನೀವು 10 ಪೌಂಡ್ ಕೊಟ್ಟರೆ ಸಂಘಕ್ಕೆ 12.50 ಪೌಂಡ್ ಸೇರುತ್ತದೆ. ಶೇ 40ರ ದರದಲ್ಲಿ ತೆರಿಗೆ ಕಟ್ಟುವವರು ತಮ್ಮ ಪಾಲಿಗೆ 2.50 ಪೌಂಡನ್ನು ಹಿಂದಕ್ಕೆ ಕೇಳಿ ಪಡೆಯಲೂಬಹುದು. ಬಕೆಟ್ಟಿಗೆ ಬಿದ್ದ ಹೆಸರಿಲ್ಲದ ಚಿಲ್ಲರೆಗೂ ಒಂದು ದಾರಿಯಿದೆ: ಗಿಫ್ಟ್ ಏಡ್ ಪಡೆಯುತ್ತಿರುವ ಚಾರಿಟಿಗಳು 30 ಪೌಂಡ್ ಮೀರದ ಸಣ್ಣ ದೇಣಿಗೆಗಳ ಮೇಲೆ, ವರ್ಷಕ್ಕೆ 8,000 ಪೌಂಡ್‌ವರೆಗೆ, ಸಹಿಯಿಲ್ಲದೆಯೂ ಇದೇ ಪ್ರಮಾಣದ ನೆರವನ್ನು ಕೇಳಬಹುದು. ನಮ್ಮ ಜನರಲ್ಲಿ ಲೆಕ್ಕ ಬಲ್ಲವರಿಗೆ ಕೊರತೆಯಿಲ್ಲವಾದ್ದರಿಂದ, ಟಿಕೆಟ್ಟಿನ ಬಗ್ಗೆ ಗೊಣಗುವ ಬದಲು ಪಿಟಿಎ ಸಭೆಗೆ ಹೋಗಿ ಇದನ್ನು ವಿವರಿಸಿದರೆ ಮುಂದಿನ ವರ್ಷದ ಪತ್ರವೇ ಬದಲಾಗಬಹುದು.

ನಾಟಕದ ಟಿಕೆಟ್ಟಿನ ಬೆನ್ನಿಗೇ ಬರುವ ಡಿಸೆಂಬರಿನ ಇತರ ಬೇಡಿಕೆಗಳನ್ನು ಇದರೊಂದಿಗೆ ಬೆರೆಸಿಕೊಳ್ಳಬಾರದು. ಶಾಲಾ ಅವಧಿಯಲ್ಲಿ ಮಕ್ಕಳನ್ನು ಪ್ಯಾಂಟೊಮೈಮ್ ಎಂಬ ಕ್ರಿಸ್‌ಮಸ್ ಹೊತ್ತಿನ ಹಾಡು-ಹಾಸ್ಯದ ನಾಟಕ ನೋಡಲು ಊರಿನ ಥಿಯೇಟರಿಗೆ ಕರೆದೊಯ್ಯುವಾಗ ಕೇಳುವ ಹಣ ಸಂಪೂರ್ಣವಾಗಿ ಬೇರೆ ಜಾತಿಯದು. ಅಲ್ಲಿ ಪ್ರೇಕ್ಷಕನಾಗಿರುವುದು ನಿಮ್ಮ ಮಗು, ಹೊತ್ತು ಶಾಲೆಯದು. ಆದ್ದರಿಂದ ಶಾಲೆ ಕೇಳಬಹುದಾದದ್ದು ಸ್ವಯಂಪ್ರೇರಿತ ದೇಣಿಗೆಯನ್ನು ಮಾತ್ರ. ಕೊಡಲೇಬೇಕೆಂಬ ಕಡ್ಡಾಯವಿಲ್ಲ ಎಂದು ಪತ್ರದಲ್ಲಿ ಸ್ಪಷ್ಟಪಡಿಸಬೇಕು, ಮತ್ತು ತಂದೆತಾಯಿ ಕೊಡಲಿಲ್ಲವೆಂದು ಮಗುವನ್ನು ತರಗತಿಯಲ್ಲಿ ಬಿಟ್ಟು ಹೋಗುವಂತಿಲ್ಲ. ಸಾಕಷ್ಟು ಹಣ ಸೇರದಿದ್ದರೆ ಪ್ರವಾಸವನ್ನೇ ರದ್ದುಗೊಳಿಸುವ ಅಧಿಕಾರ ಶಾಲೆಗಿದೆ. ಅದನ್ನೂ ಮೊದಲೇ ತಿಳಿಸಬೇಕು. ಕ್ರಿಸ್‌ಮಸ್ ಜಂಪರ್ (ಸ್ವೆಟರ್) ದಿನದ ಕಾಣಿಕೆ, ರಾಫಲ್ ಎಂಬ ಲಾಟರಿಯ ಚೀಟಿ, ಮಿನ್ಸ್ ಪೈ ಮಾರಾಟ ಇವು ನಿಮ್ಮ ಮನಸ್ಸಿಗೆ ಬಿಟ್ಟವು. ಮಿನ್ಸ್ ಪೈ ಎಂದರೆ ಕೈಮಾ ಎಂದು ಭಾವಿಸಿ ದೂರ ಸರಿಯುವ ಸಸ್ಯಾಹಾರಿಗಳು ಗಮನಿಸಬೇಕಾದದ್ದು, ಈಗ ಅದರೊಳಗಿರುವುದು ಒಣಹಣ್ಣು; ಆದರೂ ಕೆಲವಕ್ಕೆ ಪ್ರಾಣಿಯ ಕೊಬ್ಬು ಬಳಸುತ್ತಾರಾದ್ದರಿಂದ ಲೇಬಲ್ ಓದುವುದು ಒಳ್ಳೆಯದು.

ಟಿಕೆಟ್ ಕೊಳ್ಳುವುದು ಕಷ್ಟವಾದರೆ ಶಾಲೆಯ ಆಫೀಸಿಗೆ ಎರಡು ಸಾಲಿನ ಇಮೇಲ್ ಸಾಕು: ನಾವು ನಾಟಕಕ್ಕೆ ಬರಲು ಬಯಸುತ್ತೇವೆ, ಈ ತಿಂಗಳು ಟಿಕೆಟ್ಟಿನ ಹಣ ಕೊಡುವುದು ಸಾಧ್ಯವಾಗುತ್ತಿಲ್ಲ, ಸಹಾಯ ಮಾಡಲು ಆಗುತ್ತದೆಯೇ? ಕಾರಣ ವಿವರಿಸಬೇಕಾಗಿಲ್ಲ, ಸಂಬಳದ ಚೀಟಿ ಲಗತ್ತಿಸಬೇಕಾಗಿಲ್ಲ. ಇಂಥ ಪತ್ರ ಬರೆಯಲು ನಮಗೆ ಅಡ್ಡಬರುವುದು ಹಣದ ಕೊರತೆಗಿಂತ ಮಾನದ ಪ್ರಶ್ನೆ, ಅದು ನನಗೆ ಗೊತ್ತಿದೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ, ಸಂಬಳ ಬರಲು ಇನ್ನೂ ವಾರವಿದ್ದಾಗ, ನಾನು ಆಫೀಸಿನ ಕೆಲಸದ ನೆಪ ಹೇಳಿ ಮನೆಯವರನ್ನಷ್ಟೇ ನಾಟಕಕ್ಕೆ ಕಳುಹಿಸಿದ್ದೆ. ಕೇಳಿದ್ದರೆ ಕೊಡುತ್ತಿದ್ದೆವಲ್ಲ ಎಂದು ಆ ಶಾಲೆಯವರೇ ಮರುವರ್ಷ ಹೇಳಿದರು.

ಕುಟುಂಬಕ್ಕೆ ಎರಡೇ ಟಿಕೆಟ್ ಎಂಬ ಮಿತಿ ಹಣಕ್ಕೆ ಸಂಬಂಧಿಸಿದ್ದಲ್ಲ. ಸಭಾಂಗಣದಲ್ಲಿ ಎಷ್ಟು ಜನ ಕುಳಿತುಕೊಳ್ಳಬಹುದು ಎಂಬುದನ್ನು ಬೆಂಕಿ ಸುರಕ್ಷತೆಯ ಲೆಕ್ಕಾಚಾರ ನಿರ್ಧರಿಸುವುದರಿಂದ, ಹೆಚ್ಚು ಹಣ ಕೊಡುತ್ತೇವೆಂದರೂ ಮೂರನೆಯ ಕುರ್ಚಿ ಸಿಗುವುದಿಲ್ಲ. ಮೈಸೂರಿನಿಂದಲೋ ಧಾರವಾಡದಿಂದಲೋ ವಿಸಿಟರ್ ವೀಸಾದಲ್ಲಿ ಬಂದ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ ಇದು ಕಷ್ಟದ ಮಾತು. ಎರಡು ಪ್ರದರ್ಶನಗಳಿದ್ದರೆ ಒಂದಕ್ಕೆ ನೀವು, ಇನ್ನೊಂದಕ್ಕೆ ಅವರು ಎಂದು ಹಂಚಿಕೊಳ್ಳಬಹುದು. ಮರಳಿ ಬಂದ ಟಿಕೆಟ್ಟುಗಳಿಗಾಗಿ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಡ್ರೆಸ್ ರಿಹರ್ಸಲ್‌ಗೆ ಹಿರಿಯರನ್ನು ಬಿಡುತ್ತೀರಾ ಎಂದು ಹೆಡ್‌ಟೀಚರ್ ಅವರನ್ನು ಕೇಳಿ ನೋಡಬಹುದು. ಮನೆಯ ಆಲ್ಬಮ್ಮಿಗಾಗಿ ಫೋಟೊ ತೆಗೆಯುವುದಕ್ಕೆ ಡೇಟಾ ಸಂರಕ್ಷಣಾ ಕಾನೂನು ಅಡ್ಡಿಯಲ್ಲ, ಆದರೆ ಶಾಲೆ ತನ್ನ ಆವರಣದಲ್ಲಿ ಬೇಡವೆಂದರೆ ಅದನ್ನು ಪಾಲಿಸಬೇಕು. ಇತರ ಮಕ್ಕಳಿರುವ ವಿಡಿಯೋವನ್ನು ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹರಿಬಿಡುವುದು ಯಾವ ರೀತಿಯಿಂದಲೂ ಸಲ್ಲದು.

ಕೊನೆಯದಾಗಿ, ಪತ್ರದಲ್ಲಿ ಬರೆದದ್ದು ನಿಯಮಕ್ಕೆ ಹೊಂದುತ್ತಿಲ್ಲವೆಂದು ನಿಮಗೆ ಖಚಿತವಾದರೆ, ಉದಾಹರಣೆಗೆ ಪ್ಯಾಂಟೊಮೈಮ್‌ಗೆ ಹಣ ಕೊಡದ ಮಗುವನ್ನು ಬಿಟ್ಟು ಹೋಗುವುದಾಗಿ ಬರೆದಿದ್ದರೆ, ಮೊದಲು ಶಾಲೆಯ ವೆಬ್‌ಸೈಟಿನಲ್ಲಿ ಶುಲ್ಕ ಮತ್ತು ವಿನಾಯಿತಿಗಳ ನೀತಿಯನ್ನು ಹುಡುಕಿ ಓದಬೇಕು. ಆ ನೀತಿಯ ಸಂಬಂಧಪಟ್ಟ ಸಾಲನ್ನು ಎತ್ತಿ ಬರೆದು ತರಗತಿ ಶಿಕ್ಷಕರಿಗಲ್ಲದೆ ಹೆಡ್‌ಟೀಚರ್ ಅವರಿಗೆ ಪತ್ರ ಕಳುಹಿಸಬೇಕು, ಏಕೆಂದರೆ ಹಣದ ತೀರ್ಮಾನ ತರಗತಿ ಶಿಕ್ಷಕರದಲ್ಲ. ಅಲ್ಲಿ ಬಗೆಹರಿಯದಿದ್ದರೆ, ಪ್ರತಿ ಸ್ಟೇಟ್ ಸ್ಕೂಲ್ ಇಟ್ಟುಕೊಂಡಿರಲೇಬೇಕಾದ ದೂರು ವಿಧಾನದ ಪ್ರಕಾರ, ಶಾಲೆಯ ಆಡಳಿತದ ಮೇಲ್ವಿಚಾರಣೆ ನೋಡುವ ಗವರ್ನರುಗಳ ಮಂಡಳಿಗೆ ಬರೆಯಬಹುದು. ಗವರ್ನರುಗಳಲ್ಲಿ ಪೋಷಕರ ಪ್ರತಿನಿಧಿಗಳೂ ಇರುತ್ತಾರೆ. ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ ಶಾಲೆಗಳು ರಜೆಗೆ ಮುಚ್ಚುತ್ತವಾದ್ದರಿಂದ, ಪತ್ರ ಬಂದ ದಿನವೇ ಅದರ ಕೊನೆಯ ಸಾಲಿನವರೆಗೂ ಓದಿಬಿಡಿ.