ಸಾಗರದಲ್ಲೊಂದು ಮರಗೆಲಸದ ಶೆಡ್: ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಮರಗೆಲಸ ಅಂದರೆ ಹೊರಗಿನವರಿಗೆ ನೆನಪಾಗುವುದು ಗುಡಿಗಾರರ ಗಂಧದ ಕೆತ್ತನೆ. ನನ್ನದು ಆ ಕೆಲಸ ಅಲ್ಲ. ಪೇಟೆಯಿಂದ ಸ್ವಲ್ಪ ಹೊರಗೆ ನನ್ನದೊಂದು ಶೆಡ್ ಇದೆ. ಬಾಗಿಲು, ಕಿಟಕಿ, ಮಂಚ, ಊಟದ ಟೇಬಲ್, ಬಟ್ಟೆ ಕಪಾಟು ಮಾಡುತ್ತೇನೆ. ಜೊತೆಗೆ ಇಬ್ಬರು ಕೆಲಸಗಾರರಿದ್ದಾರೆ. ಸೀಸನ್ನಿನಲ್ಲಿ ಇನ್ನೊಬ್ಬರನ್ನು ಕರೆದುಕೊಳ್ಳುತ್ತೇನೆ. ಇದರಲ್ಲೇ ಮನೆ ನಡೆಯುತ್ತಿದೆ, ಮಕ್ಕಳ ಫೀಸು ಕಟ್ಟುತ್ತಿದ್ದೇನೆ.

ಇತ್ತೀಚೆಗೆ ಬೆಂಗಳೂರಿನ ಹುಡುಗರು ಬಂದು ವಿಚಾರಿಸುವುದು ಜಾಸ್ತಿಯಾಗಿದೆ. ಕಂಪ್ಯೂಟರ್ ಕೆಲಸ ಸಾಕಾಗಿದೆಯಂತೆ, ಮರದ ಕೆಲಸ ಶುರು ಮಾಡಬೇಕಂತೆ. ಅವರು ಕೇಳುವುದೆಲ್ಲ ಯಾವ ಉಳಿ ಒಳ್ಳೆಯದು, ಯಾವ ಜೋಡಣೆ ಗಟ್ಟಿ ಅಂತ. ಮರ ಯಾರು ತರುತ್ತಾರೆ ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಪ್ರಕಾರ ಈ ಕಸುಬಿನಲ್ಲಿ ಬದುಕುವುದು, ಬಿಡುವುದು ಅದರ ಮೇಲೆ ನಿಂತಿದೆ.

ನಮ್ಮ ಕಡೆ ಎರಡು ಥರದ ಒಪ್ಪಂದ. ಒಂದು ಬರೀ ಕೂಲಿ. ಮರ ಅವರದ್ದು, ಕೆಲಸ ನಮ್ಮದು. ಇನ್ನೊಂದು ಮರ ಸಮೇತ. ಮನೆ ಕಟ್ಟಿಸುವವರಿಗೆ ಬರೀ ಕೂಲಿಯೇ ಇಷ್ಟ. ತೋಟದಲ್ಲಿ ಹಲಸಿನ ಮರ ಇರುತ್ತದೆ, ಅಜ್ಜ ನೆಟ್ಟ ಸಾಗುವಾನಿ ಇರುತ್ತದೆ. "ಮರ ನಮ್ಮನೇದೇ ಉಂಟು ಆಚಾರ್ರೇ, ನೀವು ಕೆಲಸ ಮಾಡಿದ್ರೆ ಸಾಕು" ಅನ್ನುತ್ತಾರೆ. ಕೇಳಲು ಸುಲಭ. ಆದರೆ ಆ ಮರ ಬೇಸಿಗೆಯಲ್ಲಿ ಕಡಿದು ಅದೇ ತಿಂಗಳು ಸಾಮಿಲ್ಲಿಗೆ ಹೋಗಿ ಬಂದ ಹಸಿ ಮರ. ಒಂದು ಇಂಚು ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು ಅನ್ನುವುದು ಹಳೆಯ ಲೆಕ್ಕ. ಮೂರು ಇಂಚಿನ ಚೌಕಟ್ಟಿನ ಮರಕ್ಕೆ ಎಷ್ಟು ಬೇಕು, ಯೋಚನೆ ಮಾಡಿ. ಹಸಿ ಮರದಲ್ಲಿ ಮಾಡಿದ ಬಾಗಿಲು ಮಾರ್ಚ್‌ನಲ್ಲಿ ಬಿರುಕು ಬಿಡುತ್ತದೆ, ಜುಲೈನಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಗ ಫೋನ್ ಬರುವುದು ಮರ ಕೊಟ್ಟ ತೋಟಕ್ಕಲ್ಲ, ನನಗೆ. ಹೋಗಿ ಕೀಸಿಕೊಟ್ಟು ಬರಬೇಕು. ಅದಕ್ಕೆ ದುಡ್ಡು ಕೇಳಿದರೆ ಊರಲ್ಲಿ ಹೆಸರು ಹಾಳು.

ಹಾಗಾಗಿ ನಾನು ಬರೀ ಕೂಲಿಗೆ ಒಪ್ಪುವುದು ಮರ ಒಣಗಿದ್ದರೆ ಮಾತ್ರ. ಇಲ್ಲದಿದ್ದರೆ ಒಂದು ದಾರಿ ಹೇಳುತ್ತೇನೆ: ಮರ ಈಗ ಸೀಳಿಸಿ, ನನ್ನ ಶೆಡ್ಡಿನ ಅಟ್ಟದಲ್ಲಿ ಹಲಗೆಗಳ ನಡುವೆ ಗಾಳಿಯಾಡಲು ಮರದ ಪಟ್ಟಿ ಕೊಟ್ಟು ಜೋಡಿಸಿಡೋಣ, ಕೆಲಸ ಮುಂದಿನ ಸೀಸನ್ನಿಗೆ. ಜಾಗಕ್ಕೆ ಸಣ್ಣ ಬಾಡಿಗೆ. ಕೆಲವರು ಎದ್ದು ಹೋಗುತ್ತಾರೆ. ಒಪ್ಪಿದವರು ಮಾತ್ರ ಖಾಯಂ ಗಿರಾಕಿಗಳಾಗಿದ್ದಾರೆ.

ಮರ ಸಮೇತ ಕೆಲಸದಲ್ಲಿ ದುಡ್ಡಿದೆ, ಆದರೆ ಅಳತೆ ಗೊತ್ತಿರಬೇಕು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಒಂದು ಬಾಗಿಲ ಚೌಕಟ್ಟು ತೆಗೆದುಕೊಳ್ಳಿ. ಹೊಸ್ತಿಲು ಸೇರಿ ಒಟ್ಟು ಉದ್ದ 21 ಅಡಿ. 5 ಇಂಚು ಅಗಲ, 3 ಇಂಚು ದಪ್ಪ. ಇಪ್ಪತ್ತೊಂದನ್ನು ಐದರಿಂದ, ಮೂರರಿಂದ ಗುಣಿಸಿ 144ರಿಂದ ಭಾಗಿಸಿದರೆ ಸುಮಾರು 2.2 ಘನ ಅಡಿ. ಗಿರಾಕಿ ಲೆಕ್ಕ ಹಾಕುವುದು ಇಷ್ಟಕ್ಕೇ. ಆದರೆ ಕೀಸಿದ ಮೇಲೆ 5x3 ಉಳಿಯಬೇಕಾದರೆ ನಾನು ಕಾಲಿಂಚು ಜಾಸ್ತಿ ಇರುವ ಮರ ತರಬೇಕು. ಗೋಡೆಯೊಳಗೆ ಹೋಗುವ ಕೊಂಬುಗಳಿಗೆ ಉದ್ದ ಬೇಕು, ತುದಿಯ ಸೀಳು ಕತ್ತರಿಸಿ ಬಿಸಾಡಬೇಕು. ಹೀಗೆ ಉದ್ದ 23 ಅಡಿ ಆಗುತ್ತದೆ, ನಾನು ಕೊಳ್ಳುವ ಮರ 2.7 ಘನ ಅಡಿ ಆಗುತ್ತದೆ. ಘನ ಅಡಿಗೆ 3000 ರೂಪಾಯಿ ಅಂತಿಟ್ಟುಕೊಳ್ಳಿ. ಒಂದು ಚೌಕಟ್ಟಿಗೆ 1500 ರೂಪಾಯಿ ಗಾಳಿಗೆ ಹೋಯಿತು. ಒಂದು ಮನೆಗೆ ಹತ್ತು ಚೌಕಟ್ಟು ಇದ್ದರೆ ಇದೇ ನನ್ನ ಲಾಭ, ಇದೇ ನನ್ನ ನಷ್ಟ.

ದುಂಡು ಮರ ಕೊಂಡರೆ ಲೆಕ್ಕ ಬೇರೆ. ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. 48 ಇಂಚು ಸುತ್ತು, 10 ಅಡಿ ಉದ್ದ ಅಂದರೆ 10 ಘನ ಅಡಿ. ನಿಜವಾಗಿ ಆ ದಿಮ್ಮಿಯಲ್ಲಿ ಹನ್ನೆರಡೂವರೆಗಿಂತ ಜಾಸ್ತಿ ಮರ ಇರುತ್ತದೆ. ಸೀಳುವಾಗ ಹೋಗುವುದಕ್ಕೆ ಈ ಲೆಕ್ಕದಲ್ಲೇ ಸ್ವಲ್ಪ ಬಿಟ್ಟಿದ್ದಾರೆ. ಆದರೂ ಹೊರಗಿನ ಬಿಳಿ ಭಾಗ, ಗಂಟು, ಒಳಪೊಳ್ಳು ಕಳೆದು ಆರೇಳು ಘನ ಅಡಿ ಒಳ್ಳೆಯ ಕೆಚ್ಚು, ಅಂದರೆ ಒಳಗಿನ ಗಟ್ಟಿ ಮರ, ಸಿಕ್ಕರೆ ನನಗೆ ಖುಷಿ. ಬಿಳಿ ಭಾಗ ಸೇರಿಸಿ ಮಾಡಿಕೊಟ್ಟರೆ ಲಾಭ ಜಾಸ್ತಿ ಕಾಣುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲೇ ಕುಟ್ಟೆ ಹುಳ ಬಿದ್ದು ಹಿಟ್ಟು ಉದುರುತ್ತದೆ. ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಹುಳ ಬೀಳುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ಇರಬಹುದು. ನಾನಂತೂ ಬಿಳಿ ಭಾಗ ತೆಗೆದುಬಿಡುತ್ತೇನೆ.

ಸ್ವಂತ ಸಾಮಿಲ್ ಇಟ್ಟರೆ ಉಳಿತಾಯ ಅಲ್ವಾ ಅಂತ ಕೇಳುತ್ತಾರೆ. ಅದು ಆಗುವ ಮಾತಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಕೇಸಿನಲ್ಲಿ ಆದೇಶ ಕೊಟ್ಟ ಮೇಲೆ ಸಾಮಿಲ್ ಲೈಸೆನ್ಸ್ ತುಂಬ ಬಿಗಿಯಾಗಿದೆ. ಇದ್ದ ಮಿಲ್ಲುಗಳಿಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಸಾಗುವಾನಿ, ಬೀಟೆ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇಕು. ಬಿಲ್ಲು, ಪಾಸು ಇಲ್ಲದ ಮರ ಎಷ್ಟೇ ಅಗ್ಗಕ್ಕೆ ಬಂದರೂ ನಾನು ಶೆಡ್ಡಿನೊಳಗೆ ಇಳಿಸುವುದಿಲ್ಲ. ಕಡಿಮೆ ಬಜೆಟ್ಟಿನವರಿಗೆ ಅಕೇಶಿಯಾ ಇದೆ. ಮಲೆನಾಡಿನ ತುಂಬ ಅದರದ್ದೇ ನೆಡುತೋಪು. ಗಟ್ಟಿ ಮರ, ಆದರೆ ಒಣಗುವಾಗ ತಿರುಚುತ್ತದೆ. ಚೌಕಟ್ಟಿಗೆ ಓಕೆ, ಬಾಗಿಲ ಹಲಗೆಗೆ ಬೇಡ.

ನನಗೆ ಅತಿ ಇಷ್ಟದ ಮರ ಹಳೆ ಮನೆಯದ್ದು. ಹಂಚಿನ ಮನೆ ಬಿಚ್ಚಿ ತಾರಸಿ ಮನೆ ಕಟ್ಟುವವರು ನಮ್ಮ ಸುತ್ತ ಈಗಲೂ ಇದ್ದಾರೆ. ಕಂಬ, ತೊಲೆ, ಜಂತಿ, ಮುಚ್ಚಿಗೆಯ ಹಲಗೆ ಎಲ್ಲ ಒಟ್ಟಿಗೆ ಮಾರುತ್ತಾರೆ. ಐವತ್ತು ಅರವತ್ತು ವರ್ಷ ಅಡುಗೆಮನೆಯ ಹೊಗೆ ಕುಡಿದ ಹಲಸು, ಮತ್ತಿ, ಹೊನ್ನೆ. ಮೇಲೆ ಇದ್ದಿಲಿನ ಹಾಗೆ ಕಪ್ಪು. ಒಂದು ಸಲ ಪ್ಲೇನರ್ (ಕೀಸುವ ಮಷೀನು) ಹಾಯಿಸಿದರೆ ಒಳಗೆ ಜೇನು ಬಣ್ಣ. ಇನ್ನು ಕುಗ್ಗುವುದು, ಹಿಗ್ಗುವುದು ತೀರಾ ಕಡಿಮೆ.

ಆದರೆ ಈ ಮರ ಕೊಳ್ಳುವಾಗ ಉದ್ದ ನೋಡಿ ಕೊಳ್ಳಬಾರದು, ಉಪಯೋಗಕ್ಕೆ ಬರುವ ತುಂಡು ನೋಡಿ ಕೊಳ್ಳಬೇಕು. ಹನ್ನೆರಡು ಅಡಿ ತೊಲೆಯಲ್ಲಿ ಗೋಡೆಯೊಳಗಿದ್ದ ಎರಡೂ ತುದಿ ಗೆದ್ದಲು ತಿಂದಿರುತ್ತದೆ. ನಡುವೆ ಜಂತಿ ಕೂರಿಸಿದ ಕಚ್ಚುಗಳು. ಉಳಿಯುವುದು ಎರಡಡಿ, ಮೂರಡಿ ತುಂಡುಗಳು. ಅದರಿಂದ ಬಾಗಿಲು ಆಗುವುದಿಲ್ಲ. ಸ್ಟೂಲು, ಬೆಂಚು, ಟೀಪಾಯಿ, ಕನ್ನಡಿ ಚೌಕಟ್ಟು ಆಗುತ್ತದೆ. ಮತ್ತೆ ಮೊಳೆ. ಕಣ್ಣಿಗೆ ಕಾಣುವ ಮೊಳೆ ಕೀಳಬಹುದು. ತಲೆ ಮುರಿದು ಒಳಗೆ ಉಳಿದದ್ದೇ ಅಪಾಯ. ಪ್ಲೇನರ್ ಬ್ಲೇಡು ಒಂದು ಮೊಳೆಗೆ ತಾಗಿ ಮುಕ್ಕಾದರೆ ಸಾಣೆ ಹಿಡಿಸುವವರೆಗೆ ಕೆಲಸ ನಿಂತಿತು. ಹಳೆ ಸ್ಪೀಕರಿನಿಂದ ಕಿತ್ತ ದೊಡ್ಡ ಮ್ಯಾಗ್ನೆಟ್ಟನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಎಳೆಯುತ್ತೇವೆ. ಎಲ್ಲಿ ವಾಲುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಕಪ್ಪು ಕಲೆ ಇರುವ ಕಡೆಯೂ ಕಬ್ಬಿಣ ಇರುವುದೇ ಹೆಚ್ಚು. ಒಬ್ಬ ಕೆಲಸಗಾರನ ಇಡೀ ದಿನ ಇದಕ್ಕೇ ಹೋಗುತ್ತದೆ. ಆ ದಿನದ ಕೂಲಿಯನ್ನು ಮರದ ಬೆಲೆಗೆ ಸೇರಿಸದೆ "ಹಳೆ ಮರ ಅಗ್ಗ" ಅನ್ನುವವರ ಮಾತು ನಂಬಬೇಡಿ. ಇಷ್ಟೆಲ್ಲ ಆದ ಮೇಲೂ ಮಾಡುತ್ತೇನೆ. ಯಾಕೆಂದರೆ ಹೋಂಸ್ಟೇ ಮಾಡುವವರು ಈ ಮರಕ್ಕೆ ಚೌಕಾಸಿ ಮಾಡದೆ ದುಡ್ಡು ಕೊಡುತ್ತಾರೆ. ಗೆರೆ, ಮೊಳೆ ತೂತು ಹಾಗೇ ಇರಲಿ ಅನ್ನುತ್ತಾರೆ. ನಮ್ಮೂರಿನವರು ಅದೇ ತೂತು ನೋಡಿ ಬೆಲೆ ಕಡಿಮೆ ಮಾಡಿ ಅನ್ನುತ್ತಾರೆ!

ಪ್ಲೈವುಡ್ ಕೆಲಸ ನನಗೆ ಇಷ್ಟ ಇಲ್ಲ, ಬಿಡುವ ಹಾಗೂ ಇಲ್ಲ. ವರ್ಷದ ಆದಾಯದಲ್ಲಿ ದೊಡ್ಡ ಪಾಲು ಅದರದ್ದೇ. ಇಲ್ಲಿ ರೇಟು ಮುಂಭಾಗದ ಚದರಡಿಗೆ. ಏಳಡಿ ಎತ್ತರ, ಆರಡಿ ಅಗಲದ ಕಪಾಟು ಅಂದರೆ 42 ಚದರಡಿ. ಆದರೆ ಎರಡು ಬದಿ, ಮೇಲೆ, ಕೆಳಗೆ, ನಡುವಿನ ಗೋಡೆ, ಐದು ಶೆಲ್ಫು, ಬಾಗಿಲು ಎಲ್ಲ ಸೇರಿದರೆ 18 ಎಂಎಂ ಹಾಳೆಯೇ 138 ಚದರಡಿ ಬೇಕು. 8x4ರ ಹಾಳೆ ಐದು. ಬೆನ್ನಿಗೆ 6 ಎಂಎಂ ಹಾಳೆ ಎರಡು. ಕೆಲಸ ಅರ್ಧ ಆದ ಮೇಲೆ ಮನೆಯ ಅಮ್ಮನವರು ಬಂದು "ಇಲ್ಲಿ ನಾಲ್ಕು ಡ್ರಾಯರ್ ಇರ್ಲಿ" ಅನ್ನುತ್ತಾರೆ. ಮುಂಭಾಗದ ಚದರಡಿ ಬದಲಾಗಲಿಲ್ಲ, ರೇಟೂ ಬದಲಾಗಲಿಲ್ಲ, ನನಗೆ ಒಂದು ಹಾಳೆ ಮತ್ತು ಒಂದು ದಿನ ಹೋಯಿತು. ಅದಕ್ಕೆ ಡ್ರಾಯರಿಗೆ ಬೇರೆ ರೇಟು ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ಅಡುಗೆಮನೆಗೆ ನೀರು ತಡೆಯುವ 710 ದರ್ಜೆ, ಮಲಗುವ ಕೋಣೆಗೆ 303 ಸಾಕು. ಹಾಳೆಯ ಮೇಲಿನ ಈ ಐಎಸ್ (ಭಾರತೀಯ ಮಾನಕ) ನಂಬರನ್ನು ಗಿರಾಕಿಗೇ ತೋರಿಸುತ್ತೇನೆ.

ಇಲ್ಲೊಂದು ಸೂಕ್ಷ್ಮ ವಿಷಯ. ಪ್ಲೈವುಡ್, ಹಾರ್ಡ್‌ವೇರ್ ಅಂಗಡಿಗಳು ಬಡಗಿಗೆ ಕಮಿಷನ್ ಕೊಡುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಾನು ತೆಗೆದುಕೊಳ್ಳುವುದಿಲ್ಲ ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಹೇಳುವುದೂ ಇಲ್ಲ. ಗಿರಾಕಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಅವರ ಫೋನಿನಿಂದಲೇ ದುಡ್ಡು ಕೊಡಿಸುತ್ತೇನೆ. ಕಮಿಷನ್ನಿನ ಬದಲು ಅಂಗಡಿಯವರು ಅಷ್ಟು ಬೆಲೆ ಇಳಿಸುತ್ತಾರೆ. ನನ್ನ ಕೂಲಿ ಸ್ವಲ್ಪ ಜಾಸ್ತಿ ಕೇಳಲು ಆಗ ನಾಚಿಕೆ ಆಗುವುದಿಲ್ಲ. ಇನ್ನೊಂದು ಲಾಭ ಇದೆ. ಅವರ ಸಾಮಾನಿನ ದುಡ್ಡು ನನ್ನ ಖಾತೆಗೆ ಬರುವುದಿಲ್ಲ. 2025ರಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆಗ ನಮ್ಮ ಕಸುಬಿನವರೂ ಗಾಬರಿಯಾದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಬೇರೆಯವರ ಪ್ಲೈವುಡ್ ದುಡ್ಡೆಲ್ಲ ನಮ್ಮ ಖಾತೆ ಹಾದು ಹೋದರೆ ಈ ಅಂಕಿ ಬೇಗ ಹತ್ತಿರ ಬರುತ್ತದೆ.

ವರ್ಷ ಪೂರ್ತಿ ಒಂದೇ ಥರ ಕೆಲಸ ಇರುವುದಿಲ್ಲ. ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಬಾಗಿಲು ನಿಲ್ಲಿಸುವ ಮುಹೂರ್ತಗಳೆಲ್ಲ ಹತ್ತಿರ ಹತ್ತಿರ ಬರುತ್ತವೆ, ಪ್ರತಿಯೊಬ್ಬರಿಗೂ ಅದೇ ದಿನ ಬೇಕು. ಆಷಾಢದಲ್ಲಿ ಯಾರೂ ಹೊಸ್ತಿಲು ಇಡುವುದಿಲ್ಲ. ಜೊತೆಗೆ ಮಳೆ. ಹೊರಗೆ ಮರ ಕೀಸಲು ಆಗುವುದಿಲ್ಲ. ಪಾಲಿಶ್ ಹೊಡೆದರೆ ಗಾಳಿಯ ತೇವಕ್ಕೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಳೆಗಾಲಕ್ಕೆ ಅಂತಲೇ ಮಂಚ, ಬೆಂಚು ಆರ್ಡರುಗಳನ್ನು ಹಿಂದೆ ಇಟ್ಟುಕೊಳ್ಳುತ್ತೇನೆ. ಜೋಡಿಸುವ ಕೆಲಸ ಆಗ ಮುಗಿಸಿ, ಪಾಲಿಶ್ ನವರಾತ್ರಿ ಕಳೆದ ಮೇಲೆ. ಬೇರೆಯವರು ಮಾಡಿದ್ದ ಉಬ್ಬಿದ ಬಾಗಿಲು, ಮುರಿದ ಕುರ್ಚಿ ಕಾಲು ರಿಪೇರಿ ಆಗಿನ ದಿನಸಿ ಖರ್ಚು ನೋಡಿಕೊಳ್ಳುತ್ತದೆ. ರಿಪೇರಿಗೆ ಹೋದ ಮನೆಗೆ ಹೋಗಿ ಬರುವುದಕ್ಕೇ ಒಂದು ಕನಿಷ್ಠ ರೇಟು ಇಟ್ಟಿದ್ದೇನೆ. ಒಂದು ಸ್ಕ್ರೂ ಹಾಕಿದರೂ ಅಷ್ಟೇ.

ಮಷೀನಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಶೇ. 5 ಬಡ್ಡಿಗೆ ಮೊದಲು ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷ ಸಾಲ. ಹೊಸಬರಿಗೆ ಕೈ ಮಷೀನುಗಳಿಗೆ ಸಾಕು. ದೊಡ್ಡ ಮಷೀನು, ತ್ರೀ ಫೇಸ್ ಕರೆಂಟು ಅದರಲ್ಲಿ ಆಗುವುದಿಲ್ಲ. ಮಷೀನಿಗಿಂತ ಮೊದಲು ಧೂಳು ಎಳೆಯುವ ವ್ಯವಸ್ಥೆ, ಒಳ್ಳೆಯ ಮಾಸ್ಕ್ ತೆಗೆದುಕೊಳ್ಳಿ ಅನ್ನುತ್ತೇನೆ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ನಮ್ಮ ಕೆಲಸಗಾರರು ಇನ್ನೂ ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ.

ಕೊನೆಗೆ ವಸೂಲಿ. ನಮ್ಮ ಕಡೆ ಎಲ್ಲದಕ್ಕೂ ಒಂದೇ ಉತ್ತರ, "ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ ಆಚಾರ್ರೇ." ಸುಳ್ಳಲ್ಲ, ಅವರ ಕೈಗೆ ದುಡ್ಡು ಬರುವುದೇ ಆಗ. ಆದರೆ ರೇಟು ಏರಲಿ ಅಂತ ಅಡಿಕೆ ಅಟ್ಟದಲ್ಲೇ ಕೂತರೆ ನನ್ನ ಕೂಲಿಯೂ ಅದರ ಜೊತೆ ಅಟ್ಟದಲ್ಲೇ ಕೂರುತ್ತದೆ. ಕೆಲಸಗಾರರಿಗೆ ಮಾತ್ರ ಶನಿವಾರ ಸಂಜೆ ಕೊಡಲೇಬೇಕು. ಅದಕ್ಕೆ ಅರ್ಧ ಮುಂಗಡ, ಅದರಲ್ಲಿ ಮರ ಬರುತ್ತದೆ. ಚೌಕಟ್ಟು ನಿಂತ ದಿನ ಕಾಲು ಭಾಗ. ಮನೆಯವರು ಖುಷಿಯಲ್ಲಿರುವ ದಿನ ಅದು, ಪೂಜೆಯ ತಟ್ಟೆಯ ಜೊತೆಗೇ ಕೊಡುತ್ತಾರೆ. ಉಳಿದ ಕಾಲು ಭಾಗ ಬಾಗಿಲು ತೂಗುಹಾಕುವ ಮೊದಲು. ತೂಗುಹಾಕಿದ ಮೇಲೆ ಕೇಳಿದರೆ ಬರುವ ಕಾಲಕ್ಕೆ ಬರುತ್ತದೆ. ನನ್ನ ಅಕ್ಕನ ಗಂಡನ ಮನೆ ಕೆಲಸಕ್ಕೂ ಇದೇ ಚೀಟಿ ಬರೆದುಕೊಟ್ಟೆ. ಭಾವ ಒಂದು ವಾರ ಮುಖ ಊದಿಸಿಕೊಂಡಿದ್ದರು, ಆಮೇಲೆ ಗೂಗಲ್ ಪೇ ಮಾಡಿದರು.