ಹಂಚಿನ ಮನೆಯಲ್ಲಿ ಪಂಕ್ ಆಲ್ಬಂ ರೆಕಾರ್ಡಿಂಗ್: ನಮ್ಮ ಅನುಭವ

ಹಂಚಿನ ಮನೆಯಲ್ಲಿ ಇಡೀ ಪಂಕ್ (ವೇಗದ, ಒರಟು ರಾಕ್) ಬ್ಯಾಂಡ್ ಒಟ್ಟಿಗೆ ನುಡಿಸಿದರೆ ಗಲಾಟೆ ಬಿಟ್ಟು ಬೇರೇನೂ ಸಿಗಲಿಕ್ಕಿಲ್ಲ ಅಂದವರು ಬಹಳ. ಈಗ ಆಲ್ಬಂ ಕೇಳಿ, ಡ್ರಮ್ಸ್ ಯಾವ ಸ್ಟುಡಿಯೋದ್ದು ಅಂತ ಅವರೇ ವಿಚಾರಿಸುತ್ತಿದ್ದಾರೆ.

ನಮ್ಮ ಹಾಗೆ ವರ್ಷಗಟ್ಟಲೆ ನಿಂತುಹೋಗಿದ್ದ ಬ್ಯಾಂಡಿಗೆ ಮೊದಲು ಕಾಡುವುದು ವೇಗ. ಹಳೆಯ ಕ್ಯಾಸೆಟ್ಟಿನ ಡೆಮೊ ಹಾಕಿ ಎಣಿಸಿದರೆ 200 ಬಿಪಿಎಂ (ನಿಮಿಷಕ್ಕೆ ಇಷ್ಟು ಏಟು). ಆ ವೇಗಕ್ಕೆ ಡ್ರಮ್ಮರ್‌ನ ಬಲಗೈ ಎರಡನೇ ಚರಣಕ್ಕೇ ಸೋಲುತ್ತಿತ್ತು. ಟ್ಯೂನರ್ ಹಿಡಿದರೆ ಶ್ರುತಿ ಅರ್ಧ ಸ್ವರ ಮೇಲಿದೆ, ಅಂದರೆ ಕ್ಯಾಸೆಟ್ ಡೆಕ್ಕೇ ಜೋರಾಗಿ ಓಡುತ್ತಿದೆ. ಅರ್ಧ ಸ್ವರಕ್ಕೆ ವೇಗದಲ್ಲಿ ಸುಮಾರು ಶೇ. 6 ವ್ಯತ್ಯಾಸ, ನಿಜವಾದ ವೇಗ 189ರ ಆಸುಪಾಸು. ಹಳೆಯ ಡೆಮೊ ಇಟ್ಟುಕೊಂಡು ಅಭ್ಯಾಸ ಮಾಡುವವರು ಮೊದಲು ಇದನ್ನು ನೋಡಿ. ತಾಳ ತೋರಿಸುವ ಕ್ಲಿಕ್ಕನ್ನು ಹಾಡು ಶುರುವಾಗುವ ಎಣಿಕೆಯ ನಾಲ್ಕು ಏಟಿಗೆ ಮಾತ್ರ ಕೊಟ್ಟೆವು. ಕೋರಸ್‌ನಲ್ಲಿ ಮೂರ್ನಾಲ್ಕು ಬಿಪಿಎಂ ಏರುತ್ತದೆ. ಏರಬೇಕು.

ಮನೆ ಉಡುಪಿ ಹತ್ತಿರದ ಕಾಪು ಕಡೆಯದು. ಗಿಲಾವು ಇಲ್ಲದ ಮುರಕಲ್ಲಿನ ಗೋಡೆ, ಇಳಿಜಾರು ಮಾಡು. ಹಾಗಾಗಿ ಸ್ವರ ನೆಲಕ್ಕೂ ಮಾಡಿಗೂ ಪುಟಿದಾಡುವುದಿಲ್ಲ. ಚಾವಡಿಯಲ್ಲಿ ಡ್ರಮ್ಸ್, ಅದರ ಕೆಳಗೆ ನಾರಿನ ಚಾಪೆ. ಮೈಕ್ ನಾಲ್ಕೇ: ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿಗೆ (ಕಿಕ್) ಒಂದು, ನಡುವಿನ ಚುರುಕು ಡ್ರಮ್ಮಿಗೆ (ಸ್ನೇರ್) ಒಂದು, ಮೇಲಿನಿಂದ ಇಡೀ ಸೆಟ್ ಹಿಡಿಯಲು (ಓವರ್‌ಹೆಡ್) ಎರಡು. ಓವರ್‌ಹೆಡ್ ಎರಡೂ ಸ್ನೇರ್‌ನ ನಡುವಿನಿಂದ ಒಂದೇ ದೂರದಲ್ಲಿರಬೇಕು, ದಾರ ಹಿಡಿದು ಅಳೆಯಿರಿ. ನಮ್ಮದು 40 ಇಂಚು. ಎರಡರ ದೂರದಲ್ಲಿ 34 ಸೆಂ.ಮೀ. ಹೆಚ್ಚುಕಮ್ಮಿಯಾದರೆ ಒಂದರಲ್ಲಿ ಸದ್ದು ಒಂದು ಮಿಲಿಸೆಕೆಂಡ್ ತಡವಾಗಿ ಸ್ನೇರ್ ತೆಳ್ಳಗಾಗುತ್ತದೆ. ಕಿಕ್ ಎದುರು ಏನು ನೇತುಹಾಕಿದೆವು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ. 15 ವಾಟ್‌ನ ಗಿಟಾರ್ ಆಂಪ್ ಒಳಕೋಣೆಯಲ್ಲಿ, ಬಾಗಿಲಿಗೆ ನಾರಿನ ಹಾಸಿಗೆ. ಗೇನ್ (ಸದ್ದು ಒಡೆಯುವಂತೆ ಮಾಡುವ ಗುಂಡಿ) ವೇದಿಕೆಯಲ್ಲಿ ಇಡುವುದರ ಅರ್ಧಕ್ಕಿಂತ ಕಡಿಮೆ. ಅದೇ ಭಾಗವನ್ನು ಎರಡು ಸಲ ನುಡಿಸಿ ಎಡಬಲಕ್ಕೆ ಹಾಕಿದಾಗ ದಪ್ಪ ತಾನಾಗಿ ಬರುತ್ತದೆ. ಸದ್ದು ತಡೆಯಲು ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಕೆಲಸ ಬೇಡ, ಬೇಸ್ ಅದನ್ನು ದಾಟಿಯೇ ಹೋಗುತ್ತದೆ.

ನಿಜವಾಗಿ ದುಡ್ಡು ತಿಂದದ್ದು ಹಮ್, ಅಂದರೆ ಕರೆಂಟಿನಿಂದ ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದು. ಹಳೆಯ ಮನೆಯ ಅರ್ಥಿಂಗ್ ಸತ್ತೇಹೋಗಿತ್ತು. ಇದ್ದಿಲು, ಉಪ್ಪು ತುಂಬಿದ ಹೊಸ ಗುಂಡಿಗೆ ಏಳೆಂಟು ಸಾವಿರ. ಮುರ ಮಣ್ಣು ಮಳೆ ನಿಂತ ಮೇಲೆ ಬೇಗ ಒಣಗುತ್ತದೆ, ಒಣಗಿದರೆ ಅರ್ಥ್ ಹಿಡಿಯುವುದಿಲ್ಲ. ದಿನಾ ಬೆಳಿಗ್ಗೆ ಎರಡು ಕೊಡ ನೀರು ಹೊಯ್ಯಬೇಕು. ಆಮೇಲೂ ಜುಯ್ ಅನ್ನುತ್ತಿತ್ತು. ಅದು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಪೂರ್ತಿ ಆಫ್ ಮಾಡಿದ ಮೇಲೆ ಹೋಯಿತು. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದ್ದು (ಕರೆಂಟಿನ ಅಲೆ ನಯವಾಗಿರುವುದಿಲ್ಲ), ನಮ್ಮ ಟ್ಯೂಬ್ (ವಾಲ್ವ್) ಗಿಟಾರ್ ಆಂಪಿಗೆ ಅದು ಆಗದು. ನಯವಾದ ಅಲೆಯ ಸೈನ್ ವೇವ್‌ನದ್ದನ್ನು ಬಾಡಿಗೆಗೆ ತಂದೆವು. ಹಮ್ ಹೋಗುತ್ತದೆಂದು ಆಂಪಿನ ಅರ್ಥ್ ಪಿನ್ ಮಾತ್ರ ಕೀಳಬೇಡಿ, ಜೀವಕ್ಕೆ ಅಪಾಯ.

ನಡುವೆ ಒಂದು ಹಾಡಿಗೆ ಚೆಂಡೆ ಸೇರಿಸಿ ನೋಡಿದೆವು. ಅದರ ಏಟಿನ ಸದ್ದು ಬರುವುದೂ ಗಿಟಾರಿನ ಹರಿತ ಇರುವ ಏರುದನಿಯಲ್ಲೇ, ಎರಡೂ ಕಚ್ಚಾಡಿದವು. ಚೆಂಡೆಯನ್ನು ಹತ್ತಡಿ ದೂರ ಅಂಗಳಕ್ಕೆ ಒಯ್ದು, ಗಿಟಾರ್ ನಿಲ್ಲುವ ಎರಡು ಸಾಲಿನಲ್ಲಷ್ಟೇ ಉಳಿಸಿದೆವು. ಅಲ್ಲಿ ಅದು ಅದ್ಭುತವಾಗಿದೆ.

ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ. ಮಳೆಗಾಲದಲ್ಲಿ ಹಂಚಿನ ಸದ್ದೇ ಓವರ್‌ಹೆಡ್ ತುಂಬ ಇರುತ್ತದೆ, ಗಿಟಾರಿನ ಮರವೂ ಉಬ್ಬಿ ಶ್ರುತಿ ನಿಲ್ಲುವುದಿಲ್ಲ. ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯುವುದರಿಂದ ಎರಡು ಹಾಡಿಗೊಂದು ಸೆಟ್ ಲೆಕ್ಕ ಹಾಕಿ.

ಮೈಕ್ ಬಾಡಿಗೆ, ಅರ್ಥಿಂಗ್, ಇನ್ವರ್ಟರ್, ತಂತಿ, ಮಾಸ್ಟರಿಂಗ್ (ಹಾಡುಗಳ ಸದ್ದಿನ ಕೊನೆಯ ಹದ) ಎಲ್ಲ ಸೇರಿ 70 ಸಾವಿರದ ಹತ್ತಿರ; ಬೆಂಗಳೂರಿನಲ್ಲಿ ಕೇಳಿದ್ದು ಇದರ ದುಪ್ಪಟ್ಟಿಗೂ ಮೇಲೆ. 1976ರಲ್ಲಿ ಅಮೆರಿಕದ ಪಂಕ್ ಬ್ಯಾಂಡ್ ರಾಮೋನ್ಸ್ ತನ್ನ ಮೊದಲ ಆಲ್ಬಂ ಮುಗಿಸಿದ್ದು ಸುಮಾರು 6,400 ಡಾಲರಿನಲ್ಲಿ. ಕೊನೆಯ ಪ್ರತಿಯ (ಮಾಸ್ಟರ್) ಜೋರನ್ನು ಮೈನಸ್ 9 ಲಫ್ಸ್‌ಗೆ (ಸದ್ದಿನ ಜೋರಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ನಿಲ್ಲಿಸಿದೆವು. ಸ್ಪಾಟಿಫೈ ಹೇಗೂ ಮೈನಸ್ 14ಕ್ಕೆ ಇಳಿಸುತ್ತದೆ, ಮೈನಸ್ 9ಕ್ಕಿಂತ ಜೋರಾಗಿಸಲು ಹಿಂಡಿದರೆ ಸ್ನೇರ್ ಸಾಯುತ್ತದೆ.